ಹಣ್ಣಿನ ವಹಿ

ವೆಲ್ಹೆ ದಾಟಿ, ಬಸ್ಸು ಹೊರಳುವಲ್ಲಿ ಇಳಿದು
ಅರ್ಧ ತಾಸು ಏರಿದರೆ ಠಕೂಬಾಯಿ ಢೇಬೆಯ ಹೊಲ.
ಅದರಲ್ಲಿ ನಾಲ್ಕು ಸಾಲು ನಮ್ಮ ಕಚೇರಿಯವು.
ಸಸಿ ಪುಣೆಯದು, ಲೆಕ್ಕ ನನ್ನದು,
ಮಣ್ಣು, ಬೆನ್ನುನೋವು ಅವಳವು.

ಬುಧವಾರಕ್ಕೊಮ್ಮೆ ಬರುತ್ತೇನೆ. ಚೀಲದಲ್ಲಿ ತಕ್ಕಡಿ,
ಸಿಹಿ ಅಳೆಯುವ ಗೇಣುದ್ದದ ದುರ್ಬೀನು,
ನೀಲಿ ರಟ್ಟಿನ ವಹಿ.
ನನ್ನ ಕನ್ನಡ ಅಂಕಿಗಳನ್ನು ಇಣುಕಿ ನೋಡಿ ಅವಳು
'ನಿಮ್ಮ ಏಳು ಯಾಕೆ ಮಗ್ಗುಲಾಗಿ ಮಲಗಿದೆ?' ಎನ್ನುತ್ತಾಳೆ.
ಚಳಿಗೆ, ಎನ್ನುತ್ತೇನೆ.
ಜನವರಿಯ ಬೆಳಗು, ಎಂಟು ಡಿಗ್ರಿ,
ತೋರಣೆಯ ನೆತ್ತಿ ಇನ್ನೂ ಮುಸುಕು ತೆಗೆದಿಲ್ಲ.

ನಾನು ಇಂಡಿಯವನು, ಲಿಂಬೆಯ ಸೀಮೆ.
ಹುಳಿಯಿಂದ ಶುರುಮಾಡಿ ಹಣ್ಣನ್ನು ಅಳೆಯುವುದು ನಮ್ಮ ರೂಢಿ.
ಇಲ್ಲಿ ಆ ನಾಲಿಗೆ ಅಷ್ಟಾಗಿ ಉಪಯೋಗಕ್ಕಿಲ್ಲ.

ಮೊದಲ ಸಾಲು ಸ್ವೀಟ್ ಚಾರ್ಲಿ.
ಅವಳ ಬಾಯಲ್ಲಿ ಚಾರೂ.
ಎಲ್ಲರಿಗಿಂತ ಮುಂಚೆ ಕೆಂಪಾಗುವವಳು,
ನಾಲಿಗೆಗೂ ಸೋಲುತ್ತಾಳೆ, ಹೆಬ್ಬೆರಳಿಗೂ ಸೋಲುತ್ತಾಳೆ.
ಸ್ವಾರ್ಗೇಟಿನಲ್ಲಿ ಡಬ್ಬಿ ತೆರೆದರೆ
ತಳದಲ್ಲಿ ಬರೀ ರಸ, ಮೇಲೆ ಒಂದು ಕ್ಷಮಾಪಣೆ.
ಹನ್ನೊಂದು ಎಂದು ತೋರಿಸಿತು ದುರ್ಬೀನು. ಬರೆದುಕೊಂಡೆ.

ಕಮರೋಸಾ ಅವಳಿಗೆ ಕಮಲಾ.
ಕೆನ್ನೆ ಗಟ್ಟಿ, ಭುಜ ಅಗಲ,
ಘಾಟಿನ ಹದಿನಾಲ್ಕು ತಿರುವಿಗೂ ಜಗ್ಗುವವಳಲ್ಲ.
ಕಚ್ಚಿದರೆ ಮೊದಲು ನೀರು, ಆಮೇಲೆ ಯೋಚನೆ,
ಆಮೇಲೆ ಬೇಕಾದರೆ ಸಿಹಿ.
ತೂಕ ಇಪ್ಪತ್ತೆಂಟು ಗ್ರಾಂ. ಇದನ್ನೂ ಬರೆದುಕೊಂಡೆ.

ವಿಂಟರ್ ಡಾನ್ ಬಗ್ಗೆ ಏನೂ ಹೇಳಲಾರೆ.
ನವೆಂಬರಿನಲ್ಲಿ ಮುಸುವಗಳು ಬಂದಿದ್ದವು.
ಆ ಅಂಕಣದಲ್ಲಿ 'ಮಂಗ' ಎಂದಷ್ಟೇ ಇದೆ.

ನಬೀಲಾಳ ಹೆಸರನ್ನು ಮಾತ್ರ ಅವಳು ಬದಲಾಯಿಸಲಿಲ್ಲ.
'ಇದು ಮೊದಲೇ ಹೆಣ್ಣಿನ ಹೆಸರಲ್ಲವಾ' ಅಂದಳು.
ಎಲೆಗೆ ಬೂದಿರೋಗ ಬಂದಾಗ ಎರಡು ದಿನ
ಎಮ್ಮೆ ಬಿಟ್ಟು ಈ ಸಾಲಿನ ಹತ್ತಿರವೇ ಕೂತಿದ್ದಳಂತೆ.
ಕೂತದ್ದಕ್ಕೆ ವಹಿಯಲ್ಲಿ ಮನೆ ಇಲ್ಲ.

ಪಿಕಳಾರಗಳಿಗೆ ಈ ಗೊಂದಲವಿಲ್ಲ.
ಚಾರೂ ಸಾಲಿಗೆ ನೇರ ಇಳಿಯುತ್ತವೆ,
ಒಂದೊಂದು ಹಣ್ಣಿಗೆ ಒಂದೊಂದೇ ಕುಕ್ಕು,
ಸಹಿ ಹಾಕಿದ ಹಾಗೆ.

'ಬರುವ ವರ್ಷ ಒಂದೇ ಹಚ್ಚಬೇಕು,' ಎಂದೆ,
'ಯಾವುದು ಹೇಳು.'
ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟಳು.
'ಕಮಲಾ. ಅವಳು ಪೇಟೆ ಮುಟ್ಟುತ್ತಾಳೆ.'
ಒಪ್ಪಿದೆ. ವರದಿಯಲ್ಲೂ ಅದೇ ಬರೆಯುವವನಿದ್ದೆ.
ಅವಳು ಇನ್ನೂ ಮುಗಿಸಿರಲಿಲ್ಲ:
'ಆದರೆ ಸಾಹೇಬ,
ಮಾರಲು ಬಾರದ ಹಣ್ಣಷ್ಟೇ ನಮ್ಮ ಮನೆಯ ತಾಟಿಗೆ ಬರುತ್ತದೆ.
ಚಾರೂ ಇಲ್ಲದಿದ್ದರೆ ನಾನು ಈ ಹಣ್ಣನ್ನು
ಬೆಳೆಯುತ್ತೇನೆ ಅಷ್ಟೇ. ತಿಂದು ನೋಡುವುದು ಯಾವಾಗ?'

ಹೇಳಿ ಬುಟ್ಟಿ ಎತ್ತಿಕೊಂಡು ಹೋದಳು.
ಅದೇನು ದೊಡ್ಡ ಮಾತೆಂದು ಅವಳಿಗೆ ಅನ್ನಿಸಿರಲಿಕ್ಕಿಲ್ಲ.
ನಾನು ಪ್ಲಾಸ್ಟಿಕ್ ಹಾಳೆಯ ಅಂಚಿನಲ್ಲಿ ಕೂತು
ದುರ್ಬೀನಿನ ಗಾಜನ್ನು ಅಂಗಿಯ ತುದಿಯಿಂದ
ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದೆ.

ಆಗ ಕಂಡಿತು. ಚಾರೂ ಸಾಲಿನಿಂದ ಒಂದು ಬಳ್ಳಿ,
ಗಂಟು ಗಂಟಿಗೆ ಎಲೆ ಬಿಡುತ್ತ, ಹಾದಿ ದಾಟಿ
ಕಮಲಾಳ ಮಣ್ಣಿನಲ್ಲಿ ಬೇರೂರಿದೆ.
ತನ್ನಷ್ಟಕ್ಕೆ ಹೋದದ್ದಲ್ಲ:
ಗಂಟಿನ ಮೇಲೆ, ಗಾಳಿಗೆ ಅಲುಗದಂತೆ,
ಅವಳ ತುರುಬಿನದೇ ಒಂದು ಪಿನ್ನು.

ಇದು ನಿಯಮಕ್ಕೆ ವಿರುದ್ಧ.
ಸಾಲು ಬೆರೆತರೆ ಹೋಲಿಕೆ ಕೆಟ್ಟಿತು,
ಮೂರು ತಿಂಗಳ ಅಂಕಿಗಳು ಕೆಟ್ಟವು.
ಬಳ್ಳಿ ಕತ್ತರಿಸಲೇಬೇಕು,
ಕತ್ತರಿ ಪುಣೆಯಲ್ಲೇ ಉಳಿದಿದೆ.

ಉಗುರಿಗೂ ಬರುವಷ್ಟು ಎಳೆಯದು, ನಿಜ.

'ಮುಂದಿನ ಬುಧವಾರ ಕತ್ತರಿ' ಎಂದು ಬರೆದುಕೊಂಡೆ,
ವಹಿಯ ಕೊನೆಯ ಹಾಳೆಯಲ್ಲಿ.
ಬಸ್ಸಿನ ಚಿಲ್ಲರೆ ಲೆಕ್ಕ ಬರೆಯುವ,
ನಾನು ಎಂದೂ ತಿರುಗಿ ನೋಡದ ಹಾಳೆ ಅದು.